ಪೆಟ್ರೋಲ್ ಟಾಕಿಯ ಜಂಗು: ತೊಳೆಯುವುದು ಮೊದಲು, ಬಳಿಯುವುದು ಕೊನೆಗೆ

ಹಳೆಯ ಬೈಕಿನ ಪೆಟ್ರೋಲ್ ಟಾಕಿಯೊಳಗೆ ಜಂಗು ಕಂಡಾಗ ಸುತ್ತಲಿನವರು ಕೊಡುವ ಸಲಹೆ ಹೆಚ್ಚಾಗಿ ಒಂದೇ: ಆ್ಯಸಿಡ್ ಹಾಕಿ ತೊಳೆಸು, ಒಳಗೊಂದು ಕೋಟಿಂಗ್ ಬಳಿಸು, ಮತ್ತೆ ಆ ಕಡೆ ನೋಡಬೇಡ. ಕೇಳಲು ಹಿತವಾದ ಈ ಸಲಹೆಯಲ್ಲಿ ಅರ್ಧ ಮಾತ್ರ ಸರಿ. ತೊಳೆಯಬೇಕು, ನಿಜ. ಆದರೆ ಜಂಗು ಹಿಡಿದ ಟಾಕಿಗಳಲ್ಲಿ ಹೆಚ್ಚಿನವಕ್ಕೆ ಕೋಟಿಂಗ್ ಬೇಕಾಗುವುದಿಲ್ಲ. ನಿಜಕ್ಕೂ ತೂತು ಬಿದ್ದ ಟಾಕಿಗಳಲ್ಲಿ ಹಲವನ್ನು ಕೋಟಿಂಗಿನಿಂದ ಉಳಿಸಲೂ ಬಾರದು, ಬದಲಾಯಿಸುವುದೇ ಮೇಲು. ಈ ಎರಡರ ನಡುವೆ ಕೋಟಿಂಗಿಗೆ ಉಳಿಯುವ ಜಾಗ ಬಹಳ ಚಿಕ್ಕದು. ಯಾದಗಿರಿ ಜಿಲ್ಲೆಯ ಶಿರವಾಳದಂಥ ಊರಿನಲ್ಲಿ, ಅಂದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ, ವರ್ಷದಲ್ಲಿ ಕೆಲವು ತಿಂಗಳು ಮನೆಮಂದಿಯೆಲ್ಲ ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗಿರುವ ಕಾರಣ ನಿಂತೇ ಇರುವ ಗಾಡಿ, ಇವೆಲ್ಲ ಕೂಡಿರುವ ಕಡೆ, ಈ ಲೆಕ್ಕವನ್ನು ಸರಿಯಾಗಿ ಹಾಕುವುದು ಇನ್ನೂ ಮುಖ್ಯ. ಯಾವ ಟಾಕಿಯನ್ನು ತೊಳೆದು ಬಿಡಬೇಕು, ಯಾವುದಕ್ಕೆ ಬಳಿಯಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂದು ತೀರ್ಮಾನಿಸಲು ಬೇಕಾದ ಕಾರಣಗಳನ್ನೂ ಮನೆಯಲ್ಲೇ ಮಾಡಬಹುದಾದ ಕೆಲಸದ ಕ್ರಮವನ್ನೂ ಇಲ್ಲಿ ಕೊಟ್ಟಿದೆ.

ನೀರು ಬರುವ ದಾರಿ

ಪೆಟ್ರೋಲ್ ತಾನಾಗಿ ಉಕ್ಕಿಗೆ ಜಂಗು ಹಿಡಿಸುವುದಿಲ್ಲ. ಜಂಗಿಗೆ ಕಬ್ಬಿಣ, ಗಾಳಿಯ ಆಮ್ಲಜನಕ, ನೀರು ಮೂರೂ ಬೇಕು. ಟಾಕಿಯಲ್ಲಿ ಕಬ್ಬಿಣ ಇದ್ದೇ ಇದೆ, ಪೆಟ್ರೋಲ್ ಕಡಿಮೆಯಾದಷ್ಟೂ ಗಾಳಿ ಬಂದು ತುಂಬುತ್ತದೆ, ಹೊರಗಿನಿಂದ ಬರಬೇಕಾದದ್ದು ನೀರೊಂದೇ. ಪೆಟ್ರೋಲಿಗಿಂತ ನೀರು ಭಾರ. ಆದ್ದರಿಂದ ಒಳಗೆ ಬಿದ್ದ ಪ್ರತಿ ಹನಿಯೂ ತಳಕ್ಕಿಳಿದು, ಎರಡು ತಗಡು ಕೂಡುವ ಬೆಸುಗೆಯ ಅಂಚಿನಲ್ಲಿ, ಕಾಕ್ ಕೂರುವ ತಗ್ಗಿನಲ್ಲಿ ನಿಲ್ಲುತ್ತದೆ. ಟಾಕಿಗೆ ಮೊದಲು ತೂತು ಬೀಳುವುದು ಅಲ್ಲಿಯೇ. ಮೇಲ್ಭಾಗದಲ್ಲಿ ಕಾಣುವ ಕಂದು ಬಣ್ಣದ ತೆಳು ಪದರಕ್ಕೆ ಒಳಗಿನ ತೇವದ ಗಾಳಿ ಕಾರಣ. ಇವೆರಡೂ ಒಂದೇ ಕಾಯಿಲೆಯಂತೆ ಕಂಡರೂ ತಳದ್ದು ಆಳಕ್ಕೆ ಕೊರೆಯುತ್ತದೆ, ಮೇಲಿನದು ಹೊದಿಕೆಯಂತೆ ಹರಡುತ್ತದೆ. ಯಾವುದು ಎಷ್ಟಿದೆ ಎಂದು ನೋಡದೆ ಮದ್ದು ಹೇಳುವುದು ಸಲ್ಲದು.

ಹಗಲು ಕಾದು ರಾತ್ರಿ ತಣಿಯುವ ಟಾಕಿ ಹೊರಗಿನ ಗಾಳಿಯನ್ನು ಎಳೆದುಕೊಂಡು ಒಳಗೆ ನೀರು ಕಟ್ಟಿಸುತ್ತದೆ ಎಂಬ ವಿವರಣೆ ಎಲ್ಲ ಕಡೆ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಲೆಕ್ಕ ಹಾಕಿದರೆ ಅದರ ಪಾಲು ಚಿಕ್ಕದು. ಹಗಲು ರಾತ್ರಿಗಳ ನಡುವೆ 15 ಡಿಗ್ರಿ ವ್ಯತ್ಯಾಸವಾದರೆ ಒಳಗಿನ ಗಾಳಿ ಶೇ. 5ರಷ್ಟು ಹಿಗ್ಗಿ ಕುಗ್ಗುತ್ತದೆ. ಎಂಟು ಲೀಟರ್ ಖಾಲಿ ಜಾಗವಿರುವ ಟಾಕಿಯಲ್ಲಿ ಅದು ದಿನಕ್ಕೆ ಅರ್ಧ ಲೀಟರಿಗೂ ಕಡಿಮೆ ಗಾಳಿ. ಅಷ್ಟು ಗಾಳಿಯಲ್ಲಿರುವ ತೇವ ಒಂದು ಗ್ರಾಮಿನ ನೂರನೇ ಒಂದು ಭಾಗದ ಆಸುಪಾಸು. ನಾಲ್ಕು ತಿಂಗಳು ನಿಂತರೂ ಹೀಗೆ ಸೇರುವ ನೀರು ಕೆಲವು ಹನಿ. ಮೇಲ್ಭಾಗ ಕಂದಾಗಲು ಅಷ್ಟು ಸಾಕು, ತಳ ತೂತಾಗಲು ಸಾಲದು. ತಳದಲ್ಲಿ ಚಮಚಗಟ್ಟಲೆ ನೀರು ಕಂಡರೆ ಬೇರೆ ದಾರಿ ಹುಡುಕಬೇಕು. ಒಣಗಿ ಸೀಳಿದ ಮುಚ್ಚಳದ ರಬ್ಬರು ಮೊದಲ ಆರೋಪಿ. ಮುಚ್ಚಳದ ಸುತ್ತಲಿನ ತಗ್ಗಿಗೆ ಬಿದ್ದ ಮಳೆನೀರು ಹೊರಹೋಗಲು ಹಲವು ಗಾಡಿಗಳಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಧೂಳು ಕೂತು ಅದು ಕಟ್ಟಿಕೊಂಡರೆ ತಗ್ಗು ತುಂಬಿದ ನೀರು ರಬ್ಬರಿನ ಅಂಚಿನಿಂದ ಒಳಗಿಳಿಯುತ್ತದೆ. ಸರ್ವಿಸಿಂಗ್ ಹೊತ್ತಿನಲ್ಲಿ ಪೈಪಿನ ರಭಸದ ನೀರು ಮುಚ್ಚಳಕ್ಕೇ ಹೊಡೆದರೆ ಅಲ್ಲಿಂದಲೂ ಬರುತ್ತದೆ. ಸರಿಯಾಗಿ ಒಣಗದ ಬಾಟಲಿಯಲ್ಲೋ ಕ್ಯಾನಿನಲ್ಲೋ ತಂದು ಸುರಿಯುವ ಪೆಟ್ರೋಲ್ ನಾಲ್ಕನೆಯ ದಾರಿ. ಈ ದಾರಿಗಳನ್ನು ಮುಚ್ಚದೆ ಒಳಗೆ ಏನು ಬಳಿದರೂ ಅದು ನೀರಿನ ಮೇಲೆ ಹೂಡಿದ ಹಣವೇ.

ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆಯೇ ಟಾಕಿಗಳು ಹಾಳಾಗುತ್ತಿವೆ ಎಂಬ ದೂರನ್ನು ಇಲ್ಲಿಯೇ ತೂಗಿ ನೋಡೋಣ. ಶೇ. 20 ಎಥೆನಾಲ್ ಇರುವ ಇ-20 ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಅದಕ್ಕೂ ಮೊದಲು, 2022ರಲ್ಲಿ, ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ. 10 ಮುಟ್ಟಿತ್ತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಈ ಗುಣಕ್ಕೆ ಎರಡು ಮುಖಗಳಿವೆ. ದಿನಾ ಓಡುವ ಗಾಡಿಯಲ್ಲಿ ಅಲ್ಪಸ್ವಲ್ಪ ನೀರು ಎಥೆನಾಲಿನೊಡನೆ ಕರಗಿ ಎಂಜಿನ್ನಿಗೆ ಹೋಗಿ ಸುಟ್ಟುಹೋಗುತ್ತದೆ, ತಳದಲ್ಲಿ ನಿಲ್ಲುವುದಿಲ್ಲ. ಶೇ. 10 ಎಥೆನಾಲ್ ಇರುವ ಪೆಟ್ರೋಲ್ ತನ್ನ ಅಳತೆಯ ಶೇ. 0.5ರಷ್ಟು, ಅಂದರೆ ಹತ್ತು ಲೀಟರಿಗೆ ಸುಮಾರು 50 ಮಿಲಿಲೀಟರ್ ನೀರನ್ನು ಹಿಡಿದಿಡಬಲ್ಲದು. ಇ-20 ಇನ್ನೂ ಹೆಚ್ಚು ಹಿಡಿಯುತ್ತದೆ. ಆದರೆ ಆ ಮಿತಿ ದಾಟಿದರೆ, ಅಥವಾ ಚಳಿಗೆ ಮಿತಿಯೇ ಇಳಿದರೆ, ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಪದರವಾಗಿ ಕೂರುತ್ತವೆ. ಬರಿಯ ನೀರಿಗಿಂತ ಈ ಪದರ ದೊಡ್ಡದು, ಉಕ್ಕಿಗೂ ಹೆಚ್ಚು ಕೆಟ್ಟದು. ಹೀಗಾಗಿ ಓಡುವ ಗಾಡಿಗೆ ಎಥೆನಾಲಿನಿಂದ ಅಷ್ಟೊಂದು ಭಯವಿಲ್ಲ, ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಇದೆ. ಹಳೆಯ ಕಾಲದ ಸೀಲರ್ ಬಳಿದ ಟಾಕಿಗಂತೂ ಖಂಡಿತ ಇದೆ: ಎಥೆನಾಲಿಗೆಂದು ತಯಾರಾಗದ ಆ ಪದರ ಮೆತ್ತಗಾಗಿ ಸುಲಿಯತೊಡಗುತ್ತದೆ.

ಪರೀಕ್ಷೆ, ಅದಕ್ಕೂ ಮೊದಲು ಎಚ್ಚರ

ತುಂಬಿದ ಟಾಕಿಗಿಂತ ಖಾಲಿ ಟಾಕಿ ಅಪಾಯಕಾರಿ. ಇದು ಅತಿಶಯದ ಮಾತಲ್ಲ, ಲೆಕ್ಕದ ಮಾತು. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇ. 1.4ರಿಂದ 7.6ರವರೆಗೆ ಇದ್ದಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ಹತ್ತು ಲೀಟರಿನ ಖಾಲಿ ಟಾಕಿಯನ್ನು ಆ ಮಟ್ಟಕ್ಕೆ ತರಲು ಕಾಲು ಚಮಚ ಪೆಟ್ರೋಲೂ ಬೇಡ. ಎಲ್ಲ ಸುರಿದಾಯಿತು ಎನ್ನುವಾಗಲೂ ಬೆಸುಗೆಯ ಅಂಚಿನಲ್ಲಿ, ಜಂಗಿನ ಪದರದೊಳಗೆ ಅದಕ್ಕಿಂತ ಹೆಚ್ಚು ಉಳಿದಿರುತ್ತದೆ. ಆವಿ ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲದು. ಆದ್ದರಿಂದ ಕೆಲಸ ಬಯಲಿನಲ್ಲಿ, ನೆರಳಿನಲ್ಲಿ, ಬೀಡಿ ಸಿಗರೇಟಿನಿಂದ ದೂರ ನಡೆಯಬೇಕು. ಒಳಗೆ ನೋಡಲು ಬ್ಯಾಟರಿಯಿರುವ ಟಾರ್ಚ್ ಸಾಕು, ಬೆಂಕಿಕಡ್ಡಿಯ ಯೋಚನೆಯೂ ಬೇಡ. ಗಾಡಿಯ ಬ್ಯಾಟರಿಯ ವೈರು ಬಿಚ್ಚಿ, ಪೆಟ್ರೋಲನ್ನು ಮುಚ್ಚಳವಿರುವ ಕ್ಯಾನಿಗೆ ಇಳಿಸಿ, ಆಮೇಲೆ ಟಾಕಿ ತೆಗೆಯಬೇಕು. ಕಾಕ್, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್, ಮುಚ್ಚಳ ಎಲ್ಲವನ್ನೂ ಬಿಚ್ಚಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಬೈಕುಗಳಲ್ಲಿ ಹೆಚ್ಚಿನವು ಇಂಜೆಕ್ಷನ್ ಗಾಡಿಗಳು, ಅವುಗಳ ಪಂಪು ಟಾಕಿಯೊಳಗೇ ಇರುವುದು ಸಾಮಾನ್ಯ. ಪಂಪು ತೆಗೆಯದೆ ಒಂದು ಹನಿ ನೀರನ್ನೂ ಹಾಕುವಂತಿಲ್ಲ. ಮರಳಿ ಕೂರಿಸುವಾಗ ಅದರ ರಬ್ಬರ್ ಉಂಗುರ ಹೊಸದಾಗಿರಬೇಕು.

ಈಗ ಟಾಕಿಯನ್ನು ಮೂರು ದರ್ಜೆಗಳಲ್ಲಿ ಒಂದಕ್ಕೆ ಸೇರಿಸಬಹುದು. ತಂತಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ತಿಕ್ಕಿದಾಗ ಬಟ್ಟೆ ಕಂದಾಗಿ, ತಗಡು ಮಾತ್ರ ನುಣುಪಾಗಿಯೇ ಉಳಿದಿದ್ದರೆ ಅದು ಮೊದಲ ದರ್ಜೆ: ಮೇಲ್ಪದರದ ಜಂಗು. ಅಲುಗಾಡಿಸಿದಾಗ ಒಳಗೆ ಚಕ್ಕೆಗಳು ಸದ್ದು ಮಾಡಿ, ತಳದಲ್ಲಿ ಗುಳಿಗಳು ಕಂಡರೆ ಎರಡನೆಯದು. ಹೊರಗಿನ ಬಣ್ಣ ಗುಳ್ಳೆ ಎದ್ದು, ಬೆಸುಗೆಯ ಸಾಲಿನಲ್ಲಿ ಪೆಟ್ರೋಲ್ ಜಿನುಗಿದರೆ ಮೂರನೆಯದು. ಅನುಮಾನವಿದ್ದರೆ ತಳದ ಹೊರಮೈಗೆ ಸುಣ್ಣ ಬಳಿದು ಒಣಗಲು ಬಿಟ್ಟು, ಒಳಗೆ ಒಂದಿಷ್ಟು ಡೀಸೆಲ್ ಹಾಕಿ ಕೆಲವು ಗಂಟೆ ಇಡಬಹುದು. ಸೂಜಿಮೊನೆಯಂಥ ತೂತಿದ್ದರೂ ಬಿಳಿ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಇದನ್ನು ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಮಾಡಬೇಕು.

ತೊಳೆಯುವ ಕ್ರಮ

ಜಂಗು ತೆಗೆಯುವ ಮೊದಲು ಜಿಡ್ಡು ತೆಗೆಯಬೇಕು. ನಿಂತ ಪೆಟ್ರೋಲ್ ಹಳತಾಗಿ ಅಂಟಿನಂತೆ ತಗಡಿಗೆ ಹಿಡಿದಿರುತ್ತದೆ, ಆ್ಯಸಿಡ್ ಅದರ ಅಡಿಗೆ ಹೋಗಲಾರದು. ಟಾಕಿಯನ್ನು ತೆರೆದಿಟ್ಟು ಆವಿ ಹೋಗಲು ಬಿಟ್ಟು, ಬಿಸಿ ನೀರಿನಲ್ಲಿ ಬಟ್ಟೆ ತೊಳೆಯುವ ಪುಡಿ ಕರಗಿಸಿ ತುಂಬಿ, ಕುಲುಕಿ, ಚೆಲ್ಲಿ, ವಾಸನೆ ಹೋಗುವವರೆಗೆ ಮತ್ತೆ ಮತ್ತೆ ಮಾಡಬೇಕು. ಅಂಟು ಬಿಡದಿದ್ದರೆ ಥಿನ್ನರ್ ಹಾಕಿ ನೆನೆಸಬಹುದು, ಆದರೆ ಅದೂ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುವ ವಸ್ತು. ಚಕ್ಕೆಗಳನ್ನು ಬಿಡಿಸಲು ಒಳಗೆ ಜಲ್ಲಿಕಲ್ಲು ಹಾಕಿ ಅಲುಗಾಡಿಸುವವರಿದ್ದಾರೆ. ಕಲ್ಲು ಒಡೆದು ಚೂರಾಗಿ ಒಳಗಿನ ತಡೆಗಳ ಹಿಂದೆ ಸಿಕ್ಕಿಕೊಂಡರೆ ತೆಗೆಯುವುದು ಜಂಗು ತೆಗೆಯುವುದಕ್ಕಿಂತ ಕಷ್ಟ. ಒಂದು ಮೊಳ ಹಳೆಯ ಸರಪಳಿಯ ತುದಿಗೆ ತಂತಿ ಕಟ್ಟಿ ಇಳಿಬಿಟ್ಟು ಅಲುಗಾಡಿಸುವುದು ವಾಸಿ. ನಟ್ಟುಗಳನ್ನು ಹಾಕುವುದಾದರೆ ಎಣಿಸಿ ಹಾಕಿ ಎಣಿಸಿ ತೆಗೆಯಬೇಕು. ಎರಡನೆಯ ದರ್ಜೆಯ ಟಾಕಿಯ ತಳ ಎಲ್ಲೆಲ್ಲಿ ತೆಳುವಾಗಿದೆ ಎಂಬುದು ಈ ಹಂತದಲ್ಲಿಯೇ ಗೊತ್ತಾಗಿಬಿಡುತ್ತದೆ: ಸರಪಳಿಯ ಪೆಟ್ಟಿಗೆ ತೂತಾದ ತಗಡು ಹೇಗೂ ಉಳಿಯುತ್ತಿರಲಿಲ್ಲ.

ಉಳಿದ ಜಂಗಿಗೆ ಅತ್ಯುತ್ತಮ ಮದ್ದು ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ, ಅಂದರೆ ಹತ್ತು ಲೀಟರಿನ ಟಾಕಿಗೆ ಅರ್ಧದಿಂದ ಒಂದು ಕಿಲೊ. ಕಾಕ್‌ನ ರಂಧ್ರವನ್ನು ರಬ್ಬರ್ ಬೆಣೆಯಿಂದ ಮುಚ್ಚಿ ಬಾಯಿಮಟ್ಟ ತುಂಬಬೇಕು. ಅರೆ ತುಂಬಿದರೆ ನೀರಿನ ಮಟ್ಟದಲ್ಲಿ ಹೊಸ ಜಂಗಿನ ಗೆರೆ ಮೂಡುತ್ತದೆ. ಮುಚ್ಚಳವನ್ನು ಬಿಗಿಯಬಾರದು, ಒಳಗೆ ಅನಿಲ ಹುಟ್ಟುತ್ತದೆ. ಹನ್ನೆರಡು ಗಂಟೆಯ ಹೊತ್ತಿಗೆ ಒಮ್ಮೆ ನೋಡಿ, ತಗಡು ಬೂದುಬಣ್ಣಕ್ಕೆ ತಿರುಗಿದ್ದರೆ ಸಾಕು. ಇಲ್ಲವಾದರೆ ಇನ್ನರ್ಧ ದಿನ, ಆಮೇಲೂ ಉಳಿದರೆ ಹಳೆಯದನ್ನು ಚೆಲ್ಲಿ ಹೊಸ ನೀರು. ಬಿಸಿಲಿನ ಕಾವು ಈ ಕೆಲಸವನ್ನು ಬೇಗ ಮುಗಿಸುತ್ತದೆ, ಈ ಒಂದು ಹಂತದಲ್ಲಿ ನಮ್ಮ ಬೇಸಿಗೆ ಉಪಕಾರಿ. ದಿನಗಟ್ಟಲೆ ಮರೆತುಬಿಟ್ಟರೆ ಮಾತ್ರ ಸಿಟ್ರಿಕ್ ಆಮ್ಲವೂ ಒಳ್ಳೆಯ ಉಕ್ಕನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಟಾಕಿಗೆ ಜಂಗು ಹಿಡಿಯುವುದಿಲ್ಲ, ಅದಕ್ಕೆ ಕಾಸ್ಟಿಕ್ ಸೋಡಾ ತಾಗಿಸಲೂಬಾರದು. ಪ್ಲಾಸ್ಟಿಕ್ ಟಾಕಿಗೆ ಸೋಪಿನ ನೀರು ಸಾಕು.

ಶೌಚಾಲಯ ತೊಳೆಯುವ ಆ್ಯಸಿಡ್ ಹತ್ತು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಇಡೀ ದಿನ ಏಕೆ ಎಂಬ ಪ್ರಶ್ನೆ ಸಹಜ. ಆ ದ್ರವದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಜಂಗನ್ನು ಬೇಗ ಕರಗಿಸುವುದೂ ನಿಜ, ಜಂಗು ಮುಗಿದ ಕೂಡಲೇ ಉಕ್ಕಿಗೆ ಬಾಯಿ ಹಾಕುವುದೂ ಅಷ್ಟೇ ನಿಜ. ಟಾಕಿಯ ತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ಕಳೆದುಕೊಳ್ಳಲು ಹೆಚ್ಚೇನಿಲ್ಲ. ಅದಕ್ಕಿಂತ ದೊಡ್ಡ ದೋಷ ಕ್ಲೋರೈಡಿನದು. ಗುಳಿಗಳ ಆಳದಲ್ಲಿ ಉಳಿದ ಕ್ಲೋರೈಡ್ ಗಾಳಿಯ ತೇವವನ್ನು ಎಳೆದು ಅಲ್ಲಿಯೇ ಮತ್ತೆ ಜಂಗು ಹುಟ್ಟಿಸುತ್ತದೆ. ಮೂರನೆಯ ಮಾತು ಹಲವರಿಗೆ ತಿಳಿದಿಲ್ಲ: ಅನೇಕ ಟಾಕಿಗಳನ್ನು ಕಾರ್ಖಾನೆಯಲ್ಲಿಯೇ ಸೀಸ ಮತ್ತು ತವರದ, ಇಲ್ಲವೆ ಸತುವಿನ ತೆಳು ಲೇಪ ಕೊಟ್ಟ ತಗಡಿನಿಂದ ಮಾಡಿರುತ್ತಾರೆ. ಬಲವಾದ ಆ್ಯಸಿಡ್, ಮುಖ್ಯವಾಗಿ ಸತುವಿನ ಲೇಪವನ್ನು, ಮೊದಲು ತಿನ್ನುತ್ತದೆ. ಚಿಕ್ಕ ಜಂಗು ತೆಗೆಯಲು ಹೋಗಿ ಇಡೀ ಟಾಕಿಯ ರಕ್ಷೆಯನ್ನೇ ಕಳೆದಂತಾಗುತ್ತದೆ. ಯಾವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಬಾರದು, ವಿಷಾನಿಲ ಏಳುತ್ತದೆ. ಹೆಚ್ಚು ಜಂಗಿದ್ದು, ಕೆಲಸ ಬಲ್ಲವರು ಸಿಕ್ಕರೆ ವಿದ್ಯುತ್ತಿನ ವಿಧಾನವೂ ಉಂಟು: ಟಾಕಿಗೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ, ತಗಡಿಗೆ ತಾಗದಂತೆ ಕಬ್ಬಿಣದ ಸರಳು ಇಳಿಬಿಟ್ಟು, 12 ವೋಲ್ಟ್ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟಾಕಿಗೆ ಕೊಡುವುದು. ಇದು ಉಕ್ಕನ್ನು ತಿನ್ನುವುದಿಲ್ಲ, ಆದರೆ ಹೈಡ್ರೋಜನ್ ಬಿಡುವುದರಿಂದ ಬಯಲಿನಲ್ಲೇ ಮಾಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ, ಬರಿಯ ಕಬ್ಬಿಣವೇ ಬೇಕು.

ಒಣಗಿಸುವುದೇ ಅರ್ಧ ಕೆಲಸ

ಆ್ಯಸಿಡ್ ಚೆಲ್ಲಿದ ಮೇಲೆ ಅಡಿಗೆ ಸೋಡಾದ ನೀರು ಹಾಕಿ ಕುಲುಕಿದರೆ ಉಳಿದ ಹುಳಿ ಸಾಯುತ್ತದೆ. ನೊರೆಯುಕ್ಕುವ ಆ ಹೊತ್ತಿನಲ್ಲೂ ಬಾಯಿ ತೆರೆದೇ ಇರಬೇಕು. ಆಮೇಲೆ ತಿಳಿ ನೀರಿನಲ್ಲಿ ಹಲವು ಸಲ. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಕೊನೆಯ ಸಲಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತರುವುದು ಲೇಸು, ಇಲ್ಲವಾದರೆ ನೀರಿನ ಲವಣವೇ ತಗಡಿನ ಮೇಲೆ ಒಣಗಿ ಕೂರುತ್ತದೆ. ಜಂಗು ಕಳೆದ ಉಕ್ಕು ಬೆತ್ತಲೆ ಉಕ್ಕು, ಒದ್ದೆಯಲ್ಲಿಟ್ಟರೆ ಕೆಲವೇ ನಿಮಿಷದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಹಳ ಜನರ ಶ್ರಮ ನೀರುಪಾಲಾಗುವುದು ಈ ಹಂತದಲ್ಲಿ: ಆ್ಯಸಿಡ್‌ಗೆ ಒಂದು ದಿನ ಕೊಟ್ಟವರು ಒಣಗಿಸಲು ಅರ್ಧ ಗಂಟೆ ಕೊಡುವುದಿಲ್ಲ. ನೀರು ಚೆಲ್ಲಿದ ಕೂಡಲೇ ಒಂದು ಲೋಟ ಸ್ಪಿರಿಟ್ ಹಾಕಿ ಎಲ್ಲ ಕಡೆ ಹರಿಸಿ ತೆಗೆದರೆ ಅಂಚಿನ ನೀರೂ ಅದರೊಡನೆ ಬರುತ್ತದೆ. ಆಮೇಲೆ ಬಾಯಿ ಕೆಳಗಾಗಿಸಿ ಬಿಸಿಲಿನಲ್ಲಿಡಬೇಕು. ಸ್ಪಿರಿಟ್ಟಿನ ಆವಿ ಪೂರ್ತಿ ಹೋಗುವ ಮೊದಲು ಬಿಸಿಗಾಳಿಯ ಯಂತ್ರ ತರಬಾರದು, ಸ್ಟೋವಿನ ಉರಿಯನ್ನಂತೂ ಯಾವಾಗಲೂ ತರಬಾರದು. ಒಣಗಿತೋ ಇಲ್ಲವೋ ಎಂದು ತಿಳಿಯಲು ಟಾಕಿ ಬಿಸಿಲಿನಲ್ಲಿರುವಾಗಲೇ ಬಾಯಿಯ ಮೇಲೆ ಒಂದು ಗಾಜಿನ ತುಂಡು ಮುಚ್ಚಿ ನೋಡಬಹುದು. ಗಾಜಿನ ಒಳಮೈ ಮಬ್ಬಾದರೆ ಇನ್ನೂ ತೇವವಿದೆ.

ಮೊದಲ ದರ್ಜೆಯ ಟಾಕಿಯ ಕೆಲಸ ಇಲ್ಲಿಗೆ ಮುಗಿಯಿತು. ಒಂದಿಷ್ಟು ಟೂ-ಸ್ಟ್ರೋಕ್ ಎಣ್ಣೆಯನ್ನು ಒಳಗೆಲ್ಲ ಹರಿಸಿ, ಹೆಚ್ಚಾದದ್ದನ್ನು ಇಳಿಸಿ, ಕಾಕ್‌ನ ಜಾಲರಿ ಸ್ವಚ್ಛ ಮಾಡಿ, ಹೊಸ ಫಿಲ್ಟರ್ ಹಾಕಿ ತುಂಬಾ ಪೆಟ್ರೋಲ್ ತುಂಬಿಸಿದರೆ ಸಾಕು. ಇಷ್ಟೆಲ್ಲ ಏಕೆ, ಒಂದು ಫಿಲ್ಟರ್ ಹಾಕಿಬಿಟ್ಟರೆ ಜಂಗು ಅಲ್ಲಿಯೇ ನಿಲ್ಲುವುದಿಲ್ಲವೇ ಎಂದು ಕೇಳಬಹುದು. ಚಕ್ಕೆಗಳನ್ನು ಫಿಲ್ಟರ್ ಹಿಡಿಯುತ್ತದೆ. ತಳದ ನೀರನ್ನು ಅದು ಹಿಡಿಯುವುದಿಲ್ಲ, ತಗಡು ಸವೆಯುವುದನ್ನು ತಡೆಯುವುದೂ ಇಲ್ಲ. ಇಂಜೆಕ್ಷನ್ ಗಾಡಿಯಲ್ಲಂತೂ ಜಂಗಿನ ಪುಡಿಯನ್ನು ಮೊದಲು ಎದುರಿಸುವುದು ಪಂಪು. ಅದನ್ನು ಬದಲಿಸುವ ಖರ್ಚಿನ ಮುಂದೆ ಟಾಕಿ ತೊಳೆಯುವ ಖರ್ಚು ಲೆಕ್ಕಕ್ಕಿಲ್ಲ.

ಕೋಟಿಂಗ್ ಯಾರಿಗೆ ಬೇಕು

ಒಮ್ಮೆ ಬಳಿದರೆ ಜೀವಮಾನದ ಚಿಂತೆ ತೀರುತ್ತದೆ, ಹಾಗಿರುವಾಗ ಒಳ್ಳೆಯ ಟಾಕಿಗೂ ಬಳಿದರೆ ನಷ್ಟವೇನು ಎಂಬುದು ಕೋಟಿಂಗ್ ಪರವಾದ ಬಲವಾದ ವಾದ. ಕೋಟಿಂಗ್ ನಿಲ್ಲುವುದು ತನ್ನ ಬಲದಿಂದಲ್ಲ, ಅಡಿಯ ತಗಡು ಎಷ್ಟು ಸ್ವಚ್ಛವಾಗಿದೆ ಎಂಬುದರ ಬಲದಿಂದ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ತವರ ಮುಟ್ಟುವ ಮೊದಲು ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರದ ಪುಡಿ ಹಾಕಿ ಒರೆಸುತ್ತಾನೆ. ಜಿಡ್ಡು ಉಳಿದ ಕಡೆ ತವರ ಹಿಡಿಯುವುದೇ ಇಲ್ಲ. ಪಾತ್ರೆಯ ಒಳಮೈ ಅವನ ಕಣ್ಣಿಗೆ ಕಾಣುತ್ತದೆ, ಟಾಕಿಯ ಒಳಮೈ ಯಾರಿಗೂ ಪೂರ್ತಿ ಕಾಣುವುದಿಲ್ಲ. ಆದ್ದರಿಂದ ಪ್ರತಿ ಕೋಟಿಂಗಿನಲ್ಲೂ ಎಲ್ಲೋ ಒಂದು ಕಡೆ ಸರಿಯಾಗಿ ಅಂಟದ ತುಣುಕು ಇರುವ ಸಂಭವವಿದೆ. ಪೆಟ್ರೋಲ್ ಅಲ್ಲಿಂದ ಅಡಿಗೆ ನುಗ್ಗುತ್ತದೆ, ಪದರ ಹಾಳೆಯಂತೆ ಏಳುತ್ತದೆ, ಆ ಹಾಳೆ ಕಾಕ್‌ನ ಬಾಯಿಗೋ ಪಂಪಿನ ಜಾಲರಿಗೋ ಬಂದು ಕೂರುತ್ತದೆ. ಜಂಗನ್ನು ನಿಂಬೆ ಉಪ್ಪಿನಲ್ಲಿ ತೆಗೆಯಬಹುದು, ಕೆಟ್ಟ ಕೋಟಿಂಗ್ ತೆಗೆಯಲು ಕಟುವಾದ ದ್ರಾವಕಗಳು ಬೇಕು, ಅವುಗಳ ಆವಿ ಆರೋಗ್ಯಕ್ಕೆ ಕೇಡು. ಒಳ್ಳೆಯ ಟಾಕಿಗೆ ಕೋಟಿಂಗ್ ಬಳಿಯುವುದೆಂದರೆ ಸುಲಭದ ಕಾಯಿಲೆಯನ್ನು ಕಷ್ಟದ ಕಾಯಿಲೆಗೆ ಬದಲಾಯಿಸಿಕೊಳ್ಳುವ ಸಾಧ್ಯತೆಯನ್ನು ದುಡ್ಡು ಕೊಟ್ಟು ಕೊಂಡಂತೆ.

ಹಾಗಾದರೆ ತೂತು ಬಿದ್ದ ಟಾಕಿ? ಊರೂರಲ್ಲಿ ಓಡುವ ಸಾಮಾನ್ಯ ಬೈಕಾದರೆ ಹೊಸ ಟಾಕಿ ಸಿಗುತ್ತದೆ, ಗುಜರಿಯಲ್ಲಿ ಒಳ್ಳೆಯ ಹಳೆಯದೂ ಸಿಗಬಹುದು. ಒಂದು ತೂತು ಕಣ್ಣಿಗೆ ಬಿದ್ದಿದೆ ಎಂದರೆ ಅದರ ಸುತ್ತ ಇನ್ನೂ ಹತ್ತು ಕಡೆ ತಗಡು ಕಾಗದದಂತಾಗಿರುತ್ತದೆ. ಅದಕ್ಕೆ ಆ್ಯಸಿಡ್, ಸೀಲರ್, ಕೂಲಿ, ಬಣ್ಣ ಎಂದು ಖರ್ಚು ಮಾಡುವುದಕ್ಕಿಂತ ಬದಲಾಯಿಸುವುದೇ ಜಾಣತನ. ಬೇರೆ ಟಾಕಿ ಸಿಗದ ಗಾಡಿಗಳ ಮಾತು ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳಿಗೆ ಕಾರ್ಖಾನೆಯ ಹೊಸ ಟಾಕಿ ಬರುವುದು ಅಂದೇ ನಿಂತಿತು. ಅವು ಟೂ-ಸ್ಟ್ರೋಕ್ ಗಾಡಿಗಳು, ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕಿತ್ತು; ಆ ಎಣ್ಣೆಯ ಪದರ ಒಳಗೋಡೆಗೆ ಅಂಟಿ ಓಡುವವರೆಗೆ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತಿತ್ತು. ವರ್ಷಗಟ್ಟಲೆ ಮೂಲೆಗೆ ಬಿದ್ದ ಮೇಲೆ ಆ ರಕ್ಷಣೆ ಸಾಲುವುದಿಲ್ಲ. ಇಂಥ ಗಾಡಿಯ ಮೂಲ ಟಾಕಿ ಉಳಿಸಲು ಕೋಟಿಂಗ್ ಬಳಿಯುವುದು ನ್ಯಾಯವೇ. ಅಲ್ಲಿಯೂ ದೊಡ್ಡ ತೂತುಗಳನ್ನು ಮೊದಲು ಬೆಸುಗೆಯಿಂದ ಮುಚ್ಚಬೇಕು. ಸೂಜಿಮೊನೆಯಷ್ಟು ರಂಧ್ರಗಳಿಗೆ, ಜಿನುಗುವ ಬೆಸುಗೆಯ ಸಾಲಿಗೆ, ಗುಳಿ ಬಿದ್ದ ತಳಕ್ಕೆ ಮಾತ್ರ ಕೋಟಿಂಗ್ ಸಾಕಾಗುತ್ತದೆ. ಎಂ-ಸೀಲ್ ಹೊರಗಿನಿಂದ ಮೆತ್ತುವುದು ಊರು ತಲುಪುವಷ್ಟರ ಮಟ್ಟಿನ ಉಪಾಯ, ರಿಪೇರಿಯಲ್ಲ. ಬೆಸುಗೆ ಅಥವಾ ವೆಲ್ಡಿಂಗನ್ನು ಮನೆಯಲ್ಲಾಗಲಿ, ಟಾಕಿಯ ಕೆಲಸ ಗೊತ್ತಿಲ್ಲದ ವೆಲ್ಡರ್ ಕೈಯಲ್ಲಾಗಲಿ ಮಾಡಿಸಬಾರದು. ತೊಳೆದ ಟಾಕಿಯೂ ಸಿಡಿದೀತು. ಬಲ್ಲವರು ಕಿಡಿ ತಾಗುವ ಜಾಗವನ್ನಷ್ಟೇ ಬಿಟ್ಟು ಉಳಿದದ್ದನ್ನು ನೀರಿನಿಂದ ತುಂಬಿ, ಇಲ್ಲವೆ ಹೊತ್ತಿಕೊಳ್ಳದ ಅನಿಲ ಹಾಯಿಸಿ ಕೆಲಸ ಮಾಡುತ್ತಾರೆ.

ಬಳಿಯುವುದಾದರೆ ಸೀಲರ್ ಡಬ್ಬಿಯ ಮೇಲೆ ಎಥೆನಾಲ್ ತಾಳುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಹಾಗೆ ಬರೆಯದ ಡಬ್ಬಿಯನ್ನು ಇ-20 ಕಾಲದಲ್ಲಿ ಕೊಳ್ಳಬಾರದು. ಕಾಕ್‌ನ ಮತ್ತು ಮುಚ್ಚಳದ ಆಟೆಗಳಿಗೆ, ಗಾಳಿ ಆಡುವ ರಂಧ್ರಕ್ಕೆ, ಪಂಪು ಕೂರುವ ಅಂಚಿಗೆ ಟೇಪು ಹಚ್ಚಬೇಕು. ಎರಡು ಭಾಗ ಬೆರೆಸುವ ಎಪಾಕ್ಸಿಯಾದರೆ ಕಾವು ಹೆಚ್ಚಿದಷ್ಟೂ ಅದು ಬೇಗ ಗಟ್ಟಿಯಾಗುತ್ತದೆ. ಸುಮಾರು ಹತ್ತು ಡಿಗ್ರಿ ಏರಿದರೆ ಕೈಗೆ ಸಿಗುವ ಸಮಯ ಅರ್ಧಕ್ಕಿಳಿಯುತ್ತದೆ. ಡಬ್ಬಿಯ ಮೇಲಿನ ಸಮಯ ಸಾಮಾನ್ಯವಾಗಿ 25 ಡಿಗ್ರಿಗೆ ಬರೆದದ್ದು, ಮೇ ತಿಂಗಳ ಮಧ್ಯಾಹ್ನಕ್ಕಲ್ಲ. ನಸುಕಿನಲ್ಲಿ ಕೆಲಸ ಶುರು ಮಾಡುವುದು ಅದಕ್ಕೇ. ಟಾಕಿಯನ್ನು ಎಲ್ಲ ದಿಕ್ಕಿಗೂ ನಿಧಾನವಾಗಿ ತಿರುಗಿಸಿ ಒಳಮೈಯೆಲ್ಲ ತೇವವಾದ ಮೇಲೆ ಹೆಚ್ಚಾದ ಸೀಲರನ್ನು ಪೂರ್ತಿ ಇಳಿಸಬೇಕು. ದಪ್ಪ ಹೆಚ್ಚಾದಷ್ಟು ಬಲ ಹೆಚ್ಚು ಎಂಬುದು ತಪ್ಪು: ತಳದಲ್ಲಿ ಮಡುಗಟ್ಟಿದ ಸೀಲರ್ ಹೊರಗೆ ಒಣಗಿ ಒಳಗೆ ಹಸಿಯಾಗಿ ಉಳಿದು, ಮೊದಲು ಬಿರುಕು ಬಿಡುವುದೂ ಅಲ್ಲಿಯೇ. ತಯಾರಕರು ಹೇಳಿದಷ್ಟು ದಿನ ಬಿಡದೆ ಪೆಟ್ರೋಲ್ ಹಾಕಬಾರದು.

ಮತ್ತೆ ಜಂಗು ಬಾರದಂತೆ

ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಹೋಗುವವರಿಗೆ ಎರಡೇ ದಾರಿ: ಬಾಯಿಮಟ್ಟದ ಹತ್ತಿರಕ್ಕೆ ತುಂಬಿಸಿಡುವುದು, ಇಲ್ಲವೆ ಪೂರ್ತಿ ಇಳಿಸಿ ಒಳಗೆ ಎಣ್ಣೆ ಹರಿಸಿಡುವುದು. ಎರಡು ಮೂರು ತಿಂಗಳಿಗಾದರೆ ತುಂಬಿಸುವುದು ಒಳ್ಳೆಯದು, ಗಾಳಿಗೆ ಜಾಗವೇ ಇರುವುದಿಲ್ಲ. ಅದಕ್ಕೂ ಹೆಚ್ಚಾದರೆ ಪೆಟ್ರೋಲೇ ಕೆಡುವುದರಿಂದ ಇಳಿಸಿಡುವುದು ವಾಸಿ, ಕಾರ್ಬುರೇಟರ್‌ನಲ್ಲಿ ಉಳಿದದ್ದನ್ನೂ ಸೇರಿಸಿ. ಅರ್ಧ ಟಾಕಿಯಲ್ಲಿ ಬಿಟ್ಟುಹೋಗುವುದು ಎರಡರ ಕೆಡುಕನ್ನೂ ಒಟ್ಟಿಗೆ ತರುತ್ತದೆ. ಟ್ರ್ಯಾಕ್ಟರಿನ ಡೀಸೆಲ್ ಟಾಕಿಗೆ ಎಣ್ಣೆಯಂಶದಿಂದಾಗಿ ಜಂಗು ಕಡಿಮೆ, ಆದರೆ ಬ್ಯಾರಲ್ಲಿನ ಡೀಸೆಲಿನೊಡನೆ ಬರುವ ನೀರು ತಳದಲ್ಲಿ ನಿಂತು, ನೀರು ಮತ್ತು ಡೀಸೆಲ್ ಕೂಡುವ ಕಡೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ತಳದ ಬಿರಡೆ ಬಿಚ್ಚಿ ಆಗಾಗ ನೀರಿಳಿಸುವುದೇ ಅದಕ್ಕೆ ಮದ್ದು, ಕೋಟಿಂಗಿನ ಮಾತೇ ಬೇಡ. ತೊಳೆದ ಕೊಳಕು ಪೆಟ್ರೋಲನ್ನು ಬಾವಿಯ ಬಳಿಯಲ್ಲೋ ಹಳ್ಳದಲ್ಲೋ ಚೆಲ್ಲದೆ, ಕ್ಯಾನಿನಲ್ಲಿ ಮುಚ್ಚಿ ಬಿಡಿಭಾಗ ತೊಳೆಯಲು ಬೇಕಾದ ಗ್ಯಾರೇಜಿಗೆ ಕೊಡಬಹುದು.

ಒಟ್ಟಿನಲ್ಲಿ ತೀರ್ಮಾನ ಇಷ್ಟು. ತಗಡು ನುಣುಪಾಗಿದ್ದರೆ ತೊಳೆದು, ಒಣಗಿಸಿ, ಎಣ್ಣೆ ಹರಿಸಿ ಬಿಡಿ. ಗುಳಿ ಬಿದ್ದಿದ್ದು ಸೋರದಿದ್ದರೆ ಅಷ್ಟನ್ನೇ ಮಾಡಿ, ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ತಳ ನೋಡುತ್ತಿರಿ. ಸೋರುತ್ತಿದ್ದು ಬೇರೆ ಟಾಕಿ ಸಿಗುವಂತಿದ್ದರೆ ಬದಲಾಯಿಸಿ. ಸೋರುತ್ತಿದ್ದು ಬೇರೆ ಸಿಗದಿದ್ದರೆ ಮಾತ್ರ ಸೀಲರ್ ಡಬ್ಬಿ ತೆರೆಯಿರಿ. ಈ ನಾಲ್ಕರಲ್ಲಿ ಯಾವುದನ್ನು ಮಾಡಿದರೂ ಮುಚ್ಚಳದ ರಬ್ಬರನ್ನು ಅದೇ ದಿನ ಬದಲಾಯಿಸಿ, ಅದರ ಪಕ್ಕದ ನೀರಿನ ರಂಧ್ರಕ್ಕೆ ತಂತಿ ಹಾಕಿ ಧೂಳು ತೆಗೆಯಿರಿ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದೂ ಹೆಚ್ಚು ಬಾಳಿಕೆ ಕೊಡುವುದೂ ಅದೇ.